ಹುಡುಕಿಕೊಡುವವರು ಯಾರು?

ರಮಝಾನ್ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಮೊಬೈಲಿಗೆ ಕೇಳುವ ಪ್ರಶ್ನೆಗಳೂ ಹೆಚ್ಚುತ್ತವೆ. ಧರಿಸುವ ಚಿನ್ನಕ್ಕೆ ಝಕಾತ್ ಇದೆಯೇ? ಮಧುಮೇಹವಿರುವವರು ಉಪವಾಸ ಆಚರಿಸಬಹುದೇ? ಪ್ರಯಾಣದಲ್ಲಿ ನಮಾಝ್ ಹೇಗೆ? ಕ್ಷಣಾರ್ಧದಲ್ಲಿ ಉತ್ತರಗಳ ಪಟ್ಟಿ ಮೂಡುತ್ತದೆ. ಎಲ್ಲಕ್ಕಿಂತ ಮೇಲಿರುವುದನ್ನು ಓದಿ ನಾವು ತೃಪ್ತರಾಗುತ್ತೇವೆ. ಅದು ಮೇಲೇಕೆ ಬಂತು, ಅದನ್ನು ಬರೆದವರು ಯಾರು, ನಮಗಾಗಿ ಆರಿಸಿದವರು ಯಾರು ಎಂದು ಕೇಳುವವರು ವಿರಳ.

ಅಂತರ್ಜಾಲದ ಆರಂಭದಲ್ಲಿ ಆರಿಸುವ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು. 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ತಾವು ಕಂಡ ತಾಣಗಳನ್ನು ವಿಷಯವಾರು ವಿಂಗಡಿಸಿ ಒಂದು ಪಟ್ಟಿ ಮಾಡಿದರು. ಅದಕ್ಕೆ ಮೊದಲು ಇದ್ದದ್ದು ಅವರಿಬ್ಬರ ಹೆಸರೇ. ಯಾಹೂ ಎಂಬ ಹೆಸರು ಬಂದದ್ದು ಆಮೇಲೆ. 1998ರಲ್ಲಿ ಆರಂಭವಾದ ಡಿಮೋಜ್ ಎಂಬ ಸೂಚಿಯನ್ನು ಸಾವಿರಾರು ಸ್ವಯಂಸೇವಕರು ಸಂಪಾದಿಸಿದರು. ಒಬ್ಬೊಬ್ಬ ಸಂಪಾದಕನಿಗೆ ಒಂದೊಂದು ವಿಷಯ. ಅವನು ನೋಡಿ ಒಪ್ಪಿದ ತಾಣಕ್ಕಷ್ಟೇ ಪ್ರವೇಶ. ಅದೇ ವರ್ಷ ಸ್ಥಾಪನೆಯಾದ ಗೂಗಲ್ ಬೇರೆ ದಾರಿ ಹಿಡಿಯಿತು. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಕೊಂಡಿ ನೀಡಿವೆ, ಕೊಂಡಿ ನೀಡಿದ ಪುಟಗಳ ತೂಕವೆಷ್ಟು ಎಂಬುದನ್ನು ಯಂತ್ರವೇ ಲೆಕ್ಕಹಾಕಿತು. ಯಂತ್ರದ ವೇಗಕ್ಕೆ ಮನುಷ್ಯ ಸರಿಸಾಟಿಯಾಗಲಿಲ್ಲ. ಯಾಹೂವಿನ ಸೂಚಿ 2014ರ ಕೊನೆಗೆ, ಡಿಮೋಜ್ 2017ರಲ್ಲಿ ಮುಚ್ಚಿದವು.

ಯಂತ್ರದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಹೆಚ್ಚು ಜನ ತೋರಿಸಿದ ಮಾತ್ರಕ್ಕೆ ಒಂದು ಮಾತು ಸತ್ಯವಾಗುವುದೇ? ಈ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಶತಮಾನಗಳ ಹಿಂದೆಯೇ ಎದುರಿಸಿದ್ದರು. ಜ್ಞಾನಕ್ಕಾಗಿ ಚೀನಾ ದೇಶಕ್ಕಾದರೂ ಹೋಗಬೇಕೆಂಬ ಅರ್ಥದ ಮಾತೊಂದು ಪ್ರವಾದಿ(ಸ)ರ ವಚನವೆಂದು ಇಂದಿಗೂ ಭಾಷಣಗಳಲ್ಲಿ ಕೇಳಿಬರುತ್ತದೆ. ಆಶಯ ಚೆನ್ನಾಗಿದೆ, ಪ್ರಚಾರವೂ ಅಪಾರ. ಆದರೆ ಹದೀಸ್ ವಿದ್ವಾಂಸರು ಅದರ ಸನದನ್ನು ಒಪ್ಪಲಿಲ್ಲ. ಇಮಾಮ್ ಇಬ್ನುಲ್ ಜೌಝಿ(ರ) ಅದನ್ನು ಕಲ್ಪಿತ ಹದೀಸ್‌ಗಳ ಸಾಲಿಗೆ ಸೇರಿಸಿದರು. ಜನರ ನಾಲಗೆಯಲ್ಲಿ ಪ್ರಸಿದ್ಧವಾದ ಹದೀಸ್‌ಗಳನ್ನೇ ಒಂದೊಂದಾಗಿ ಪರಿಶೀಲಿಸಿ ಇಮಾಮ್ ಸಖಾವಿ(ರ) ಒಂದು ಗ್ರಂಥವನ್ನೇ ರಚಿಸಿದರು. ಪ್ರಸಿದ್ಧಿ ಬೇರೆ, ಪ್ರಾಮಾಣಿಕತೆ ಬೇರೆ. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಸೂರಃ ಅಲ್ ಹುಜುರಾತ್‌ನ 6ನೆಯ ಸೂಕ್ತ ನಮಗೆ ಕಲಿಸಿದೆ. ತಂದವನು ಯಾರೆಂದು ತಿಳಿಯದೆ ಅವನು ತಂದ ಸುದ್ದಿಯನ್ನು ಪರಿಶೀಲಿಸುವುದಾದರೂ ಹೇಗೆ?

ಇತ್ತೀಚೆಗೆ ಹುಡುಕಾಟದ ಪಟ್ಟಿಯ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವೂ ಕಾಣಿಸುತ್ತಿದೆ. ಹತ್ತು ಕಡೆಯ ಮಾತುಗಳು ಅಲ್ಲಿ ಒಂದೇ ಧ್ವನಿಯಲ್ಲಿ ಬೆರೆತಿರುತ್ತವೆ. ಮೂಲದ ಕೊಂಡಿಗಳಿದ್ದರೂ ತೆರೆದು ನೋಡುವವರು ಕಡಿಮೆ. ಹನಫೀ ಅಭಿಪ್ರಾಯ ಯಾವುದು, ಶಾಫಿಈ ಅಭಿಪ್ರಾಯ ಯಾವುದು ಎಂಬ ವ್ಯತ್ಯಾಸವೇ ಅಳಿಸಿಹೋಗಬಹುದು. ಕರಾವಳಿಯ ಶಾಫಿಈ ಕುಟುಂಬಕ್ಕೂ ಕಲಬುರಗಿಯ ಹನಫೀ ಕುಟುಂಬಕ್ಕೂ ಧರಿಸುವ ಚಿನ್ನದ ಝಕಾತ್ ವಿಷಯದಲ್ಲಿ ಒಂದೇ ಉತ್ತರ ಸಲ್ಲದು. ಈ ಸೂಕ್ಷ್ಮವನ್ನು ಬಲ್ಲ ಮನುಷ್ಯನ ಅಗತ್ಯ ಇರುವುದು ಇಲ್ಲಿಯೇ.

ಮನುಷ್ಯರ ಆಯ್ಕೆಯಲ್ಲಿ ದೋಷವಿಲ್ಲವೇ? ಖಂಡಿತ ಇದೆ. ಅದು ನಿಧಾನ. ಸಂಪಾದಕನ ಒಲವು ಪಟ್ಟಿಯ ಒಲವಾಗಿಬಿಡುತ್ತದೆ. ಹಣ ಕೊಟ್ಟವರಿಗೆ ಬಾಗಿಲು ಬೇಗ ತೆರೆಯುವ ಅಪಾಯವೂ ಇದೆ. ನಮ್ಮಲ್ಲಾದರೆ ಇನ್ನೊಂದು ಭಯ: ಪ್ರತಿಯೊಂದು ಸಂಘಟನೆಯೂ ತನ್ನವರ ಪುಟಗಳನ್ನಷ್ಟೇ ಸೇರಿಸಿ ಉಳಿದವರನ್ನು ಹೊರಗಿಡಬಹುದು. ಆಗ ಅದು ಜ್ಞಾನದ ಸೂಚಿಯಾಗದೆ ಬಣದ ಸದಸ್ಯರ ಪಟ್ಟಿಯಾದೀತು.

ಇದಕ್ಕೆ ಮದ್ದು ನಮ್ಮ ಪರಂಪರೆಯಲ್ಲಿಯೇ ಇದೆ. ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನುನ್ನದೀಮ್ ಹಿಜರಿ 377ರಲ್ಲಿ ‘ಅಲ್ ಫಿಹ್ರಿಸ್ತ್’ ಎಂಬ ಗ್ರಂಥಸೂಚಿಯನ್ನು ಸಿದ್ಧಪಡಿಸಿದರು. ಅದರ ಹತ್ತು ಭಾಗಗಳಲ್ಲಿ ಕುರ್‌ಆನ್ ಮತ್ತು ಫಿಕ್‌ಹ್ ಗ್ರಂಥಗಳಿವೆ, ವೈದ್ಯ ಮತ್ತು ಗಣಿತ ಶಾಸ್ತ್ರಗಳಿವೆ, ಭಿನ್ನಮತೀಯ ಪಂಗಡಗಳಿವೆ, ಭಾರತದ ಧರ್ಮಗಳ ವಿವರವೂ ಇದೆ. ಆರಿಸುವುದೆಂದರೆ ಬಚ್ಚಿಡುವುದಲ್ಲ, ಯಾವುದು ಯಾರದು ಎಂದು ಗುರುತಿಸಿ ಇಡುವುದು. ಇನ್ನೊಂದು ಪಾಠ ಇಬ್ನುಲ್ ಜೌಝಿಯವರದೇ. ಅವರು ಕಲ್ಪಿತವೆಂದು ತಳ್ಳಿದ ಕೆಲವು ಹದೀಸ್‌ಗಳು ಹಾಗಲ್ಲವೆಂದು ಇಬ್ನು ಹಜರ್(ರ) ಮತ್ತು ಸುಯೂತಿ(ರ) ತೋರಿಸಿಕೊಟ್ಟರು. ಅದರಿಂದ ಅವರ ಗೌರವ ಕುಂದಲಿಲ್ಲ. ಆಯ್ಕೆ ಮಾಡಿದವನ ಹೆಸರು ತಿಳಿದಿದ್ದರಿಂದಲೇ, ಅವನು ಕಾರಣ ಹೇಳಿದ್ದರಿಂದಲೇ ತಿದ್ದುಪಡಿ ಸಾಧ್ಯವಾಯಿತು. ಯಂತ್ರದ ಶ್ರೇಣಿಯನ್ನು ನಾವು ಹೀಗೆ ಪ್ರಶ್ನಿಸಲಾರೆವು.

ಆದ್ದರಿಂದ ಕನ್ನಡದ ಮುಸ್ಲಿಮರಿಗೆ ಇಂಥದೊಂದು ಸೂಚಿ ಬೇಕು. ದೊಡ್ಡದಾಗಬೇಕಿಲ್ಲ, ನೂರು ವಿಶ್ವಾಸಾರ್ಹ ಪುಟಗಳಿದ್ದರೂ ಸಾಕು. ಪ್ರತಿಯೊಂದರ ಮುಂದೆ ಆರಿಸಿದವರ ಹೆಸರು, ಆರಿಸಿದ ಕಾರಣ, ಪರಿಶೀಲಿಸಿದ ದಿನಾಂಕ, ಯಾವ ಮದ್‌ಹಬ್‌ನ ಅಭಿಪ್ರಾಯವೆಂಬ ಸೂಚನೆ ಇರಲಿ. ಉಪವಾಸ ಮತ್ತು ಔಷಧದ ವಿಷಯವನ್ನು ಉಲಮಾಗಳ ಜೊತೆ ವೈದ್ಯರೂ ನೋಡಲಿ. ತಾಯಂದಿರು ಮತ್ತು ಕಾಲೇಜು ವಿದ್ಯಾರ್ಥಿಗಳು ನಿಜವಾಗಿ ಕೇಳುವ ಪ್ರಶ್ನೆಗಳಿಂದಲೇ ಕೆಲಸ ಆರಂಭವಾಗಲಿ. ಭಿನ್ನ ಸಂಘಟನೆಗಳವರು ಒಂದೇ ಮೇಜಿನ ಸುತ್ತ ಕೂರಲಿ. ತಪ್ಪು ತೋರಿಸಿದವರಿಗೆ ಧನ್ಯವಾದ ಹೇಳಿ ತಿದ್ದುವ ಪದ್ಧತಿಯೂ ಇರಲಿ.

ಅಂಥ ಸೂಚಿ ಸಿದ್ಧವಾಗುವವರೆಗೂ ಒಂದು ಅಭ್ಯಾಸವನ್ನು ಮನೆಯಲ್ಲಿಯೇ ಬೆಳೆಸಬಹುದು. ಮಗು ಮೊಬೈಲಿನಿಂದ ಉತ್ತರ ತಂದಾಗ ಅದು ಸರಿಯೋ ತಪ್ಪೋ ಎನ್ನುವ ಮೊದಲು ‘ಇದನ್ನು ಹೇಳಿದವರು ಯಾರು?’ ಎಂದು ಕೇಳೋಣ. ಸನದಿನ ಶಾಸ್ತ್ರ ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಅದನ್ನು ಕೇಳುವ ವಿವೇಕವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ.