ಸಾಕ್ಷಿಗಳ ಮಾತನ್ನೂ ಕೇಳಿ

ಹೊಸ ಊರಲ್ಲಿ ಮನ್ನಣೆ ಬೇಕಾದರೆ ವೈದ್ಯೆ ಪ್ರೀತಿ, ಸಂಸಾರದ ಆಸೆ ಬಿಡಬೇಕು. ಆನಂದಿಬಾಯಿ ಜೋಶಿ, ರಖಮಾಬಾಯಿಯವರ ಬದುಕೇ ಇದಕ್ಕೆ ಸಾಕ್ಷಿ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಸಾಕ್ಷಿಗಳನ್ನು ಕರೆಸಿದವರು ಅವರ ಹೇಳಿಕೆ ಕೇಳಿದಂತಿಲ್ಲ.

ಆನಂದಿಬಾಯಿ ಹುಟ್ಟಿದ್ದು ಇಲ್ಲೇ ಮುಂಬಯಿ ಬಳಿಯ ಕಲ್ಯಾಣದಲ್ಲಿ, 1865ರಲ್ಲಿ. 1886ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಂ.ಡಿ. ಮುಗಿಸಿದವರನ್ನು ಕೊಲ್ಹಾಪುರ ಸಂಸ್ಥಾನ ಹೆಂಗಸರ ವಾರ್ಡಿಗೆ ನೇಮಿಸಿತ್ತು. ಆ ಕುರ್ಚಿಯಲ್ಲಿ ಕೂರುವ ಮೊದಲೇ, 1887ರಲ್ಲಿ, ಕ್ಷಯ ಅವರನ್ನು ಒಯ್ದಿತು. ಗೋಪಾಲರಾಯರು ಕೈಮಾಡುತ್ತಿದ್ದ ಗಂಡ, ನಿಜ. ಆದರೆ ಹೆಂಡತಿ ಓದಲೇಬೇಕೆಂದು ಹಟ ಹಿಡಿದವರೂ ಅವರೇ.

ರಖಮಾಬಾಯಿ ಬಿಟ್ಟದ್ದು ಪ್ರೀತಿಯನ್ನಲ್ಲ, ಹನ್ನೊಂದನೇ ವಯಸ್ಸಿಗೆ ಕೊರಳಿಗೆ ಕಟ್ಟಿದ ಗಂಡನನ್ನು. 1887ರಲ್ಲಿ ಕೋರ್ಟು, ಗಂಡನ ಮನೆ ಇಲ್ಲವೇ ಆರು ತಿಂಗಳ ಜೈಲು ಎಂದಾಗ ಜೈಲೇ ಸೈ ಎಂದವರು. ಆಮೇಲೆ ಲಂಡನ್ನಿನಲ್ಲಿ ಓದಿ ಸೂರತ್, ರಾಜಕೋಟಗಳಲ್ಲಿ ದಶಕಗಟ್ಟಲೆ ದುಡಿದರು.

ಕನ್ನಡಿಗರಿಗೆಂದು ಬರೆಯುತ್ತ ವೈದ್ಯೆ-ಲೇಖಕಿ ಅನುಪಮಾ ನಿರಂಜನರನ್ನೇ ಮರೆತರೆ ಹೇಗೆ? 1956ರಲ್ಲಿ ಲೇಖಕ ನಿರಂಜನರ ಕೈಹಿಡಿದರು. ಧಾರವಾಡ, ಬೆಂಗಳೂರುಗಳಲ್ಲಿ ವೈದ್ಯವೃತ್ತಿ, ಇಬ್ಬರು ಹೆಣ್ಣುಮಕ್ಕಳು, ಸಾಲದ್ದಕ್ಕೆ ಕಾದಂಬರಿಗಳ ರಾಶಿ. ಯಾವುದನ್ನು ಬಿಟ್ಟರು?

ಇನ್ನು ಹೊಸ ಊರಿನ ಮಾತು. ನವಿ ಮುಂಬಯಿಯ ನಮ್ಮ ನೆರೂಳವೂ 1970ರಲ್ಲಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಬಂದ ಮೇಲೆ ಬೆಳೆದ ಊರು. ನಮ್ಮ ಸೊಸೈಟಿಯಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರೇ. ನಾನು ಹೋಗುವ ದವಾಖಾನೆಯ ವೈದ್ಯೆ ಕನ್ನಡತಿ. ಮೊದಮೊದಲು 'ಸಿಸ್ಟರ್, ಡಾಕ್ಟರ್ ಕಧೀ ಯೇಣಾರ್?' (ಡಾಕ್ಟರ್ ಯಾವಾಗ ಬರುತ್ತಾರೆ?) ಎಂದು ಅವರನ್ನೇ ಕೇಳುತ್ತಿದ್ದ ಅಜ್ಜಿ ಈಗ ಬೇರೆಯವರಿಗೆ ನಾಡಿ ಕೊಡುವುದಿಲ್ಲ. ಮೇಜಿನ ಮೇಲೆ ಬಿ.ಪಿ. ಯಂತ್ರದ ಪಕ್ಕದಲ್ಲೇ ಮಗಳ ಹೋಂವರ್ಕ್ ಪುಸ್ತಕ ತೆರೆದಿರುತ್ತದೆ. ಅದನ್ನು ನೋಡಿ ಎದ್ದುಹೋದ ರೋಗಿಯನ್ನು ನಾನಂತೂ ಕಂಡಿಲ್ಲ.