ಆಕಾಶದಲ್ಲೂ ಪಂಕ್ತಿಭೇದ

ಆ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಹಾರುವ ವಿಮಾನದಲ್ಲಿ ಒಬ್ಬ ಸ್ನಾನ ಮಾಡ್ತಾನೆ, ತಲೆ ಒರೆಸಿಕೊಂಡು ತನ್ನ ಕೋಣೆಗೆ ಬಂದು, ಬಾಗಿಲು ಎಳೆದುಕೊಂಡು ಮಲಗ್ತಾನೆ. ಕೆಳಗೆ ಯಾರೋ 'ಜೀವನದಲ್ಲಿ ಒಂದ್ಸಲ ಹೀಗೆ ಹೋಗ್ಬೇಕು' ಅಂತ ಬರೆದಿರ್ತಾರೆ. ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಇದು ತಿಂಗಳಿಗೆ ಎರಡು ಸಲವಾದರೂ ಬರುತ್ತೆ. ಹಿಂದೆಯೇ ಚರ್ಚೆ: ಪಾಯಿಂಟ್ಸ್ ಹೇಗೆ ಕೂಡಿಸೋದು, ಯಾವ ಕ್ರೆಡಿಟ್ ಕಾರ್ಡ್ ತಗೊಳ್ಳೋದು. ನನಗೆ ಮಾತ್ರ ಸಿಟ್ಟು ಬರುತ್ತೆ. ಹೊಟ್ಟೆಕಿಚ್ಚು ಅಂತೀರಾ? ಸ್ವಲ್ಪ ಇದ್ದರೂ ಇರಬಹುದು, ಸುಳ್ಳು ಯಾಕೆ ಹೇಳಲಿ. ಆದರೆ ಪೂರ್ತಿ ಅದಲ್ಲ.

ಅಲ್ಲಿ ನಿಜವಾಗಿ ಮಾರುತ್ತಿರೋದು ಏನು ಅಂತ ನೋಡಿ. ಶಾಂಪೇನ್ ಅಲ್ಲ, ಕ್ಯಾವಿಯಾರ್ ಅಲ್ಲ. ಅವೆಲ್ಲ ಅಂಗಡಿಯಲ್ಲೂ ಸಿಗುತ್ತವೆ. ಮಾರುತ್ತಿರೋದು ಏಕಾಂತ. ಇತಿಹಾದ್ ಕಂಪನಿ 2014ರಲ್ಲಿ ತನ್ನ ಎ380 ವಿಮಾನದಲ್ಲಿ 'ದಿ ರೆಸಿಡೆನ್ಸ್' ಅಂತ ಶುರು ಮಾಡಿತು. ಕೂರೋಕೆ ಒಂದು ಕೋಣೆ, ಮಲಗೋಕೆ ಒಂದು, ಸ್ನಾನಕ್ಕೆ ಒಂದು, ಒಟ್ಟು 125 ಚದರ ಅಡಿ. ಎಮಿರೇಟ್ಸ್ 2017ರಲ್ಲಿ ತನ್ನ 777 ವಿಮಾನದ ಫಸ್ಟ್ ಕ್ಲಾಸಿಗೆ ನೆಲದಿಂದ ಚಾವಣಿಯವರೆಗೂ ಮುಚ್ಚುವ ಕೋಣೆಗಳನ್ನು ತಂದಿತು. ಮಧ್ಯದ ಕೋಣೆಗಳಿಗೆ ಕಿಟಕಿ ಇಲ್ಲ ಅಂತ, ಹೊರಗಿನ ಕ್ಯಾಮೆರಾದ ದೃಶ್ಯ ತೋರಿಸುವ ಸುಳ್ಳು ಕಿಟಕಿ ಕೊಟ್ಟರು. ನನಗೆ ಎಲ್ಲಕ್ಕಿಂತ ಕಾಡಿದ್ದು ಇನ್ನೊಂದು. ಪಾನೀಯ ಕೊಡೋಕೆ ಆ ಕೋಣೆಯ ಗೋಡೆಯಲ್ಲಿ ಒಂದು ಪುಟ್ಟ ಕಿಂಡಿ ಇದೆ. ಬಡಿಸುವವರ ಮುಖವೂ ನೋಡಬೇಕಾಗಿಲ್ಲ!

ನಾನಿರುವ ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾದ ಫಸ್ಟ್ ಕ್ಲಾಸಿನವರಿಗೆ ಬೇರೆ ಟರ್ಮಿನಲ್ಲೇ ಇದೆ, 2004ರಿಂದ. ಅವರದೇ ಸೆಕ್ಯುರಿಟಿ, ಅವರದೇ ಪಾಸ್‌ಪೋರ್ಟ್ ತಪಾಸಣೆ, ಜೊತೆಗೊಬ್ಬ ಸಹಾಯಕ, ಆಮೇಲೆ ಕಾರಿನಲ್ಲಿ ವಿಮಾನದ ಬುಡಕ್ಕೆ. ಪಕ್ಕದ ಟರ್ಮಿನಲ್ಲಿನ ನಮ್ಮ ಸಾಲು ಅವರ ಕಣ್ಣಿಗೆ ಬೀಳೋದೇ ಇಲ್ಲ.

ಈಗ ನನ್ನ ಕಥೆ ಹೇಳ್ತೀನಿ.

ಮೂರು ವರ್ಷದ ಹಿಂದೆ ಬೆಳಗಿನ ಜಾವ ತಮ್ಮನ ಫೋನ್ ಬಂತು. ಅಪ್ಪ ಹೋಗಿಬಿಟ್ಟಿದ್ದರು. ಸಿಕ್ಕಿದ ಟಿಕೆಟ್ ತಗೊಂಡೆ, ಗಲ್ಫ್ ಮೂಲಕ, 34ನೇ ಸಾಲಿನಲ್ಲಿ ನಡುವಿನ ಸೀಟು. ಎಡಗಡೆಯವರು ಸಿನಿಮಾ ನೋಡ್ತಾ ನಗ್ತಿದ್ದರು. ಬಲಗಡೆಯವರು ನಿದ್ದೆಯಲ್ಲಿ ನನ್ನ ಭುಜಕ್ಕೆ ಒರಗಿದ್ದರು. ಅಳು ಬಂತು. ನೀವು ಎಂದಾದರೂ ನಡುವಿನ ಸೀಟಿನಲ್ಲಿ ಕೂತು ಅತ್ತಿದ್ದೀರಾ? ಮೊಣಕೈ ಇಡೋಕೇ ಜಾಗ ಇರಲ್ಲ, ಮುಖ ಮುಚ್ಚಿಕೊಳ್ಳೋದು ಎಲ್ಲಿಂದ ಬಂತು. ಎದ್ದು ಟಾಯ್ಲೆಟ್ಟಿಗೆ ಹೋದೆ. ಎರಡು ನಿಮಿಷದಲ್ಲಿ ಬಾಗಿಲು ಬಡಿದರು. ತಪ್ಪು ಅವರದ್ದಲ್ಲ, ಹೊರಗೆ ಆರು ಜನ ನಿಂತಿದ್ದರು.

ಕೊನೆಗೆ ಗಗನಸಖಿಯೊಬ್ಬಳು ಏನೂ ಕೇಳದೆ ನನ್ನನ್ನು ಊಟದ ಟ್ರಾಲಿಗಳಿಡುವ ಹಿಂದಿನ ಜಾಗಕ್ಕೆ ಕರೆದುಕೊಂಡು ಹೋದಳು. ತನ್ನ ಮಡಿಸುವ ಸೀಟು ಬಿಚ್ಚಿ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಪರದೆ ಎಳೆದಳು. ಹತ್ತು ನಿಮಿಷ. ಇಡೀ ದಾರಿಯಲ್ಲಿ ನನಗೆ ಸಿಕ್ಕ ಏಕಾಂತ ಅಷ್ಟೇ. ಅದನ್ನೂ ಕಂಪನಿ ಕೊಟ್ಟದ್ದಲ್ಲ, ಅವಳು ತನ್ನ ಬಿಡುವಿನಿಂದ ಕೊಟ್ಟದ್ದು. ಮುಂದುಗಡೆ ಆವತ್ತು ಎಷ್ಟು ಸೂಟ್‌ಗಳು ಖಾಲಿ ಇದ್ದವೋ, ನನ್ನ ಕಣ್ಣಿಗೆ ಕಂಡದ್ದು ಪರದೆ ಮಾತ್ರ.

ಅದಕ್ಕೇ ಹೇಳೋದು: ಏಕಾಂತ ಐಷಾರಾಮ ಅಲ್ಲ. ಮಗುವಿಗೆ ಹಾಲು ಕುಡಿಸುವ ತಾಯಿಗೆ ಅದು ಬೇಕು. ಕೀಮೋ ಮುಗಿಸಿ ಊರಿಗೆ ಹೊರಟವರಿಗೆ ಬೇಕು. ಎರಡು ವರ್ಷಕ್ಕೊಮ್ಮೆ ರಜೆ ಸಿಕ್ಕಿ ಗಲ್ಫಿನಿಂದ ಮಂಗಳೂರಿಗೆ ಹೋಗುವ, ಇಡೀ ದಿನ ಬೇರೆಯವರ ಮನೆಯಲ್ಲಿ ಬೇರೆಯವರ ಕಣ್ಣೆದುರೇ ಬದುಕುವ ಮನೆಗೆಲಸದ ಹೆಂಗಸಿಗೆ ನಿಮಗಿಂತ, ನನಗಿಂತ ಹೆಚ್ಚು ಬೇಕು. ವಿಮಾನದವರು ಮೊದಲು ಎಲ್ಲರಿಂದ ಇಂಚು ಇಂಚಾಗಿ ಅದನ್ನು ಕಿತ್ತುಕೊಳ್ಳುತ್ತಾರೆ, ಆಮೇಲೆ ಮುಂದಿನ ಕೆಲವರಿಗೆ ಕೋಣೆ ಕಟ್ಟಿ ಮಾರುತ್ತಾರೆ.

ಸಹಾಯದ ಕಥೆಯೂ ಇದೇ. ಹೋದ ವರ್ಷ ಅಮ್ಮ ಮೊಮ್ಮಗಳನ್ನು ನೋಡೋಕೆ ಬಂದಳು. ನಮ್ಮೆಲ್ಲರ ಅಪ್ಪ ಅಮ್ಮಂದಿರ ಹಾಗೆ ಅವಳಿಗೂ ವೀಲ್‌ಚೇರ್ ಬರೆಸಿದ್ದೆವು. 'ಕಾಲು ಚೆನ್ನಾಗೇ ಇದೆ ಕಣೋ, ಆದ್ರೆ ಅದಿಲ್ದಿದ್ರೆ ಆ ಊರಲ್ಲಿ ನನ್ನ ಕೈ ಹಿಡ್ಕೊಂಡು ಹೋಗೋರು ಯಾರು?' ಅಂದಳು. ಗೇಟ್ ನಂಬರ್ ಓದೋಕೆ, ಇಂಗ್ಲಿಷಿನಲ್ಲಿ ಕೇಳೋಕೆ ಬಾರದ ಹೆಂಗಸು ಕುಂಟಿಯಾಗಿ ನಟಿಸಬೇಕು. ನಿಜವಾಗಿ ನಡೆಯಲಾಗದವರು ಆ ಕುರ್ಚಿಗೆ ಕಾಯ್ತಾ ಕೂರ್ತಾರೆ, ಅದರ ಪಾಪ ನಮ್ಮ ಮೇಲೂ ಇದೆ. ಅತ್ತ ಹತ್ತು ಭಾಷೆ ಬಲ್ಲ ಕಂಪನಿ ಮುಖ್ಯಸ್ಥನನ್ನು ಕೈ ಹಿಡಿದು ವಿಮಾನದ ಮೆಟ್ಟಿಲವರೆಗೆ ಬಿಡೋಕೆ ಆಳು ಇದ್ದಾರೆ.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಒಂದು ಪದ ಹೇಳಬೇಕು: ಪಂಕ್ತಿಭೇದ. ಒಂದೇ ಊಟದ ಮನೆಯಲ್ಲಿ ಕೆಲವರಿಗೆ ಒಳಗೆ ಬೇರೆ ಸಾಲು, ಉಳಿದವರಿಗೆ ಹೊರಗೆ ಬೇರೆ ಸಾಲು. ಉಡುಪಿಯಲ್ಲಿ ಇದರ ವಿರುದ್ಧ ಧರಣಿಗಳಾಗಿವೆ. ಅದು ಹುಟ್ಟಿನಿಂದ ಬಂದದ್ದು, ಇದು ದುಡ್ಡಿನಿಂದ. ಎರಡೂ ಒಂದೇ ಅನ್ನಲ್ಲ, ಹುಟ್ಟಿನದು ಎಷ್ಟೋ ಪಾಲು ಕ್ರೂರ. ಆದರೆ ಪರದೆಯ ಕೆಲಸ ಎರಡು ಕಡೆಯೂ ಒಂದೇ, ಆ ಕಡೆ ಯಾರಿದ್ದಾರೆ ಅಂತ ಮರೆಸೋದು. ಮರೆಯೋದು ಒಳಗಿನವರು ಮಾತ್ರ, ಹೊರಗಿನವರಿಗೆ ನೆನಪಿರುತ್ತೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಫಸ್ಟ್ ಕ್ಲಾಸ್ ಇರುವ ವಿಮಾನಗಳ ಎಕಾನಮಿಯಲ್ಲಿ ಗಲಾಟೆ ಆಗುವ ಸಾಧ್ಯತೆ, ಇಲ್ಲದ ವಿಮಾನಗಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು.

'ಅವರು ಅಷ್ಟು ಕೊಡೋದರಿಂದಲೇ ನಿಮ್ಮ ಟಿಕೆಟ್ ಅಗ್ಗ' ಅಂತ ನೀವೀಗ ಹೇಳ್ತೀರಿ. ಈ ಮಾತನ್ನು ನಾನೂ ಬಹಳ ದಿನ ನಂಬಿದ್ದೆ. ಹಾಗಾದರೆ ಅಮೆರಿಕದ ಯುನೈಟೆಡ್ ತನ್ನ ದೂರದ ಹಾರಾಟಗಳ ಫಸ್ಟ್ ಕ್ಲಾಸನ್ನು ಯಾಕೆ ತೆಗೆದುಹಾಕಿತು? ಹಣ ಬರುತ್ತಿರೋದು ಬಿಸಿನೆಸ್ ಕ್ಲಾಸಿನಿಂದ. ಸೂಟ್ ಅನ್ನೋದು ಬಹುಪಾಲು ಜಾಹೀರಾತು, ಆ ಜಾಹೀರಾತನ್ನು ಪುಕ್ಕಟೆ ಹಂಚುತ್ತಿರೋದು ನಾವು, ಮೂರು ಹೃದಯದ ಚಿತ್ರ ಹಾಕಿ.

ನಮ್ಮ ಕಡೆಯ ಉದಾಹರಣೆಯೇ ಇದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಎಲ್ಲರಿಗೂ ಒಂದೇ ದರ್ಜೆ, ನಡುವೆ ಪರದೆ ಇಲ್ಲ. ಸೀಟು ಇಕ್ಕಟ್ಟೇ, ನಷ್ಟವೂ ಆಯಿತು, ಅದನ್ನು ಮುಚ್ಚಿಡಲ್ಲ. ಅದನ್ನು ಕೊಂಡು ಸೇರಿಸಿಕೊಂಡದ್ದು ವಿಜಯ್ ಮಲ್ಯರ ಕಿಂಗ್‌ಫಿಷರ್. ವೈಭವಕ್ಕೇ ಹೆಸರಾಗಿದ್ದ ಆ ಕಂಪನಿ 2012ರಲ್ಲಿ ನೆಲಕ್ಕೆ ಕೂತಿತು.

ಸೂಟ್ ಮುಚ್ಚಿ ಅಂತ ನಾನು ಹೇಳ್ತಿಲ್ಲ. ಬೆಂಗಳೂರಿಗೆ 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್ ಎ380 ಬರ್ತಿದೆ. ಅದರಲ್ಲಿ 14 ಸೂಟ್, ಎರಡು ಸ್ನಾನದ ಕೋಣೆ. ದುಬೈಯಿಂದ ಇರೋದೇ ಸುಮಾರು ನಾಲ್ಕು ಗಂಟೆಯ ದಾರಿ! ಆ ಹದಿನಾಲ್ಕರಲ್ಲಿ ಒಂದೇ ಒಂದನ್ನು ಬಿಡಿ ಅಂತಿದ್ದೀನಿ, ಅವರೊಬ್ಬರಿಗಲ್ಲ, ಸೂಟ್ ಮಾರುವ ಎಲ್ಲರಿಗೂ. ಯಾರಿಗೆ ಬೇಕೋ ಅವರು ಗಂಟೆ ಒತ್ತಿ ಕೇಳಲಿ, ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಕೂರಲಿ. ಹಾಲು ಕುಡಿಸಲಿ, ಅಳಲಿ, ಸುಮ್ಮನಿರಲಿ.

ಪ್ರಯಾಣ ಮುಗಿದ ಮೇಲೆ ಅಭಿಪ್ರಾಯ ಕೇಳುವ ಇಮೇಲ್ ಬರುತ್ತಲ್ಲ, ನಾವೆಲ್ಲ ಅಳಿಸಿಬಿಡುವಂಥದ್ದು, ಅದರಲ್ಲಿ ಇದನ್ನು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಅನುವಾದ ಮಾಡಿಕೊಳ್ಳೋದು ಅವರ ಕೆಲಸ. ನಾನು ಬರೆದದ್ದಕ್ಕೆ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಯಂತ್ರದ ಉತ್ತರ ಬಂತು. ಮೊನ್ನೆ ಎರಡನೇ ಸಲ ಬರೆದಿದ್ದೀನಿ.