ಅಂಗೈಯಗಲದ ಸ್ಟೋವಿನ ಮೇಲೆ ರೊಟ್ಟಿ ಹಂಚು

ಹುಮನಾಬಾದ್ ಕಡೆಯ ಹಳ್ಳಿಯ ರೈತರೊಬ್ಬರು ಕಳೆದ ವಾರ ಮನೆಗೆ ಬಂದಿದ್ದರು. ಅವರ ಮಗ ಬಸವಕಲ್ಯಾಣದಲ್ಲಿ ಪದವಿ ಓದುತ್ತಿದ್ದಾನೆ. ಇಬ್ಬರು ಗೆಳೆಯರೊಡನೆ ಬಾಡಿಗೆ ಖೋಲಿಯಲ್ಲಿದ್ದು ಕೈಯಡುಗೆ ಮಾಡಿಕೊಳ್ಳುತ್ತಾನೆ. ಡಿಸೆಂಬರಿನಲ್ಲಿ ಮೂವರೂ ಹಿಮಾಚಲಕ್ಕೆ ಚಾರಣ ಹೊರಟಿದ್ದಾರೆ. ಅದಕ್ಕಾಗಿ ಮಗ ಫೋನಿನಲ್ಲಿ ಒಂದು ಸ್ಟೋವಿನ ಚಿತ್ರ ಕಳಿಸಿದ್ದ. ಅಂಗೈಯಷ್ಟಗಲದ ಬರ್ನರ್, ಅದರ ಕೆಳಗೆ ತಿರುಪಿ ಕೂಡಿಸುವ ಪುಟ್ಟ ಗ್ಯಾಸ್ ಡಬ್ಬಿ. ಎರಡೂ ಸೇರಿ ಜೋಳಿಗೆಯ ಮೂಲೆಯಲ್ಲಿ ಅಡಗುವಷ್ಟು ಚಿಕ್ಕವು.

“ಸರ್, ಒಂದ್ ಸ್ಟೋ ತೊಗೊಂಡ್ರ ಎರಡೂ ಕಡಿ ನಡೀತದಲ್ರಿ? ಗುಡ್ಡಕ್ಕೂ ಆಯ್ತು, ಖೋಲಿಗೂ ಆಯ್ತು” ಎಂದರು.

ಮೇಲ್ನೋಟಕ್ಕೆ ಜಾಣ ಲೆಕ್ಕ. ಆದರೆ ನಾನು ಕೂಡಲೇ ಹೂಂ ಎನ್ನಲಿಲ್ಲ. “ಹುಡುಗರ ರೊಟ್ಟಿ ಹಂಚು ಎಷ್ಟು ಅಗಲ ಅದ?” ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು.

ಶಿಬಿರದ ಸ್ಟೋವು ಚಿಕ್ಕದಾಗಿರುವುದಕ್ಕೆ ಕಾರಣವಿದೆ. ಅದನ್ನು ಮಾಡಿರುವುದು ಬೆನ್ನ ಮೇಲೆ ಹೊತ್ತು ನಡೆಯುವವರಿಗಾಗಿ, ಒಂದು ಸಣ್ಣ ಪಾತ್ರೆಯಲ್ಲಿ ಚಹಾ ಅಥವಾ ಗಂಜಿ ಕಾಯಿಸಿಕೊಳ್ಳುವುದಕ್ಕಾಗಿ. ಅಷ್ಟೇ ಕೆಲಸವಾದರೂ ಅದರಿಂದ ಜೀವ ಉಳಿಯುತ್ತದೆ. 1952ರ ಮೇ ತಿಂಗಳಿನಲ್ಲಿ ತೇನ್‌ಸಿಂಗ್ ಮತ್ತು ಸ್ವಿಟ್ಜರ್ಲೆಂಡಿನ ಲ್ಯಾಂಬರ್ಟ್ ಎವರೆಸ್ಟಿನಲ್ಲಿ ಸುಮಾರು 8,400 ಮೀಟರ್ ಎತ್ತರದಲ್ಲಿ ಒಂದು ರಾತ್ರಿ ಕಳೆದರು. ಅವರ ಬಳಿ ಸ್ಟೋವ್ ಇರಲಿಲ್ಲ. ಮೇಣದ ಬತ್ತಿಯ ಉರಿಯಲ್ಲಿ ಹಿಡಿ ಹಿಮ ಕರಗಿಸಿ ಗಂಟಲು ತೇವ ಮಾಡಿಕೊಂಡರು. ಮರುದಿನ ಶಿಖರ ತಲುಪದೆ ಹಿಂದಿರುಗಿದರು. ಸುತ್ತಲೂ ಹಿಮ, ಕುಡಿಯಲು ನೀರಿಲ್ಲ! ಮರುವರ್ಷದ ಬ್ರಿಟಿಷ್ ತಂಡದಲ್ಲಿ ಗ್ರಿಫಿತ್ ಪ್ಯೂ ಎಂಬ ಶರೀರಶಾಸ್ತ್ರಜ್ಞರಿದ್ದರು. ಎತ್ತರದಲ್ಲಿ ಹೆಚ್ಚು ನೀರು ಕುಡಿಯಲೇಬೇಕೆಂದು ಅವರು ಹಟ ಹಿಡಿದಿದ್ದರಿಂದ ಕೊನೆಯ ಡೇರೆಯವರೆಗೂ ಸ್ಟೋವ್ ಹೋಯಿತು. 1953ರ ಮೇ 29ರ ಬೆಳಗ್ಗೆ ಹಿಲರಿಯವರ ಬೂಟುಗಳು ಹೆಪ್ಪುಗಟ್ಟಿ ಕಲ್ಲಾಗಿದ್ದವು. ಅವನ್ನು ಮೆತ್ತಗೆ ಮಾಡಿದ್ದೂ ಆ ಪ್ರೈಮಸ್ ಸ್ಟೋವೇ. ಬೂಟು ಹುರಿದು ಶಿಖರ ಏರಿದವರು ಅವರೇ ಇರಬೇಕು.

ಪ್ರೈಮಸ್ ಎಂದರೆ ಬೇರೇನಲ್ಲ, ನಮ್ಮ ಮನೆಗಳಲ್ಲಿ ಭರ್ರೆಂದು ಉರಿಯುತ್ತಿದ್ದ ಪಂಪ್ ಸ್ಟೋವಿನ ಮೂಲಪುರುಷ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ್ದು. ಬತ್ತಿಯಿಲ್ಲ, ಒತ್ತಡದಲ್ಲಿ ಮೇಲೇರಿದ ಚಿಮಣಿ ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ನಾನು ಬಿ.ಎಸ್ಸಿ. ಓದುವಾಗ ಖೋಲಿಯಲ್ಲಿ ಅದೇ ಇತ್ತು. ಒಮ್ಮೆ ಅನ್ನ ಅರ್ಧ ಬೆಂದಾಗ ಎಣ್ಣೆ ಮುಗಿಯಿತೆಂದು, ಆರಲು ಬಿಡದೆ ಮುಚ್ಚಳ ತಿರುಪಿ ಎಣ್ಣೆ ಸುರಿದೆ. ಹುಬ್ಬಿನ ಕೂದಲು ಮತ್ತೆ ಬರಲು ಎರಡು ತಿಂಗಳು ಹಿಡಿಯಿತು. ಆಗ ನಾನು ಓದುತ್ತಿದ್ದುದು ಭೌತಶಾಸ್ತ್ರ, ರಸಾಯನಶಾಸ್ತ್ರ!

ಈಗ ರೈತರ ಮಗನ ಸ್ಟೋವಿಗೆ ಬರೋಣ. ಅದರ ಡಬ್ಬಿಯಲ್ಲಿರುವುದು ಮುಖ್ಯವಾಗಿ ಬ್ಯೂಟೇನ್. ಒತ್ತಡದಲ್ಲಿ ದ್ರವವಾಗಿ ಕೂತಿರುತ್ತದೆ. ಕೀಲಿ ತಿರುವಿದರೆ ಅನಿಲವಾಗಿ ಹೊರಬರುತ್ತದೆ. ಬ್ಯೂಟೇನಿನ ಕುದಿಬಿಂದು ಮೈನಸ್ 0.5 ಡಿಗ್ರಿ ಸೆಲ್ಸಿಯಸ್. ಎಂದರೆ ಹಿಮ ಬೀಳುವ ಜಾಗದಲ್ಲಿ ಬರೀ ಬ್ಯೂಟೇನಿನ ಡಬ್ಬಿ ಅರ್ಧ ತುಂಬಿದ್ದರೂ ಖಾಲಿಯಂತೆ ವರ್ತಿಸುತ್ತದೆ. ಅಲ್ಲಿಗೆ ಬೇಕಾದುದು ಐಸೊಬ್ಯೂಟೇನ್ (ಕುದಿಬಿಂದು ಮೈನಸ್ 12ರ ಸುಮಾರು) ಮತ್ತು ಪ್ರೊಪೇನ್ (ಮೈನಸ್ 42) ಬೆರೆಸಿದ ಡಬ್ಬಿ. ಹಿಮಾಚಲಕ್ಕೆ ಹೋಗುವವರು ಡಬ್ಬಿಯ ಮೇಲಿನ ಬರಹ ಓದಿ ಕೊಳ್ಳಬೇಕು, ಅದೂ ಅಲ್ಲಿಗೆ ತಲುಪಿದ ಮೇಲೆ. ರೈಲಿನಲ್ಲಿ ಗ್ಯಾಸ್ ಡಬ್ಬಿ, ಸಿಲಿಂಡರ್ ಒಯ್ಯುವುದು ಅಪರಾಧ. 2023ರ ಆಗಸ್ಟ್ 26ರಂದು ಮದುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಕದ್ದು ಒಯ್ದಿದ್ದ ಸಿಲಿಂಡರಿನಲ್ಲಿ ಬೆಳಗಿನ ಚಹಾ ಕಾಸಲು ಹೋದದ್ದೇ ಕಾರಣವೆಂದು ರೈಲ್ವೆ ತಿಳಿಸಿತು. ಬೀದರ್-ಕಲಬುರಗಿ ಮಾರ್ಗ 2017ರಲ್ಲಿ ತೆರೆದ ಮೇಲೆ ಹುಮನಾಬಾದಿನಿಂದಲೂ ಮಂದಿ ಬುತ್ತಿ ಕಟ್ಟಿಕೊಂಡು ರೈಲು ಹತ್ತುತ್ತಾರೆ. ಬುತ್ತಿ ಇರಲಿ, ಒಲೆ ಬೇಡ.

ಗುಡ್ಡದ ಮಾತು ಇಷ್ಟಾಯಿತು. ಖೋಲಿಗೆ ಇದೇ ಸ್ಟೋವ್ ಏಕೆ ಬೇಡ? ಇಲ್ಲಿ ಒಂದು ಲೆಕ್ಕ ಮಾಡೋಣ. ಒಂಬತ್ತನೆಯ ತರಗತಿಯವರೂ ಮಾಡಬಹುದು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಸಲು 75ನ್ನು 4.2ರಿಂದ ಗುಣಿಸಿದಷ್ಟು, ಅಂದರೆ 315 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಗ್ಯಾಸ್ ಕೊಡುವುದು ಸುಮಾರು 46 ಕಿಲೋಜೂಲ್. ಅರ್ಧ ಶಾಖ ಗಾಳಿಗೆ ಹೋಗುತ್ತದೆಂದು ಹಿಡಿದರೆ ಲೀಟರಿಗೆ 14 ಗ್ರಾಂ ಗ್ಯಾಸ್ ಖರ್ಚು. 230 ಗ್ರಾಂ ಡಬ್ಬಿಯಲ್ಲಿ 16 ಲೀಟರ್ ನೀರು ಕುದಿದೀತು. ಚಾರಣಿಗನಿಗೆ ಅದು ಬೇಕಾದಷ್ಟಾಯಿತು. ಆದರೆ ಮನೆಯಲ್ಲಿ 14.2 ಕೆ.ಜಿ. ಸಿಲಿಂಡರ್ ಒಂದು ತಿಂಗಳು ಬಂದರೆ ದಿನಕ್ಕೆ ಸುಮಾರು 470 ಗ್ರಾಂ ಆಯಿತಲ್ಲವೇ? ಮೂವರು ಹುಡುಗರ ಅನ್ನ, ಬೇಳೆ, ರೊಟ್ಟಿಗೆ ಅದರ ಅರ್ಧ ಸಾಕೆಂದರೂ ದಿನಕ್ಕೊಂದು ಡಬ್ಬಿ ಬೇಕು. ಒಂದು ವಾರದಲ್ಲಿ ಅಪ್ಪ ಕೊಟ್ಟ ರೊಕ್ಕ ಕರಗುತ್ತದೆ.

ಅಪಾಯ ಶುರುವಾಗುವುದೇ ಆಗ. ಡಬ್ಬಿ ತುಟ್ಟಿಯಾಯಿತೆಂದು ಹುಡುಗರು ಒಂದು ಹಿತ್ತಾಳೆ ತಿರುಪು ತಂದು, ಮನೆಯ ದೊಡ್ಡ ಸಿಲಿಂಡರಿನಿಂದ ಖಾಲಿ ಡಬ್ಬಿಗೆ ಗ್ಯಾಸ್ ಇಳಿಸಲು ಹೋಗುತ್ತಾರೆ. ಅದನ್ನು ಮಾಡಿ ತೋರಿಸುವ ಚಿತ್ರಗಳಿಗೂ ಕೊರತೆಯಿಲ್ಲ. ಮನೆಯ ಗ್ಯಾಸ್ ಬ್ಯೂಟೇನ್-ಪ್ರೊಪೇನ್ ಮಿಶ್ರಣ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬ್ಯೂಟೇನಿನ ಒತ್ತಡ ವಾಯುಮಂಡಲದ ಒತ್ತಡದ ನಾಲ್ಕು ಪಟ್ಟಿನ ಹತ್ತಿರ. ಪ್ರೊಪೇನಿನದು ಹದಿಮೂರು ಪಟ್ಟಿಗೂ ಮೇಲೆ. ತೆಳು ತಗಡಿನ ಬ್ಯೂಟೇನ್ ಡಬ್ಬಿಯನ್ನು ಇದಕ್ಕೆಂದು ಮಾಡಿಲ್ಲ. ಮೇಲಾಗಿ ಅಂದಾಜಿನ ಮೇಲೆ ತುಂಬಿದಾಗ ದ್ರವ ಹಿಗ್ಗಲು ಜಾಗ ಉಳಿಯುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಅಂಥ ಡಬ್ಬಿಯನ್ನು ಕಿಟಕಿ ಪಕ್ಕ ಇಟ್ಟರೆ ಮುಂದಿನದನ್ನು ಹೇಳಬೇಕಾಗಿಲ್ಲ. ಗಲ್ಲಿ ಅಂಗಡಿಗಳಲ್ಲಿ ತೂಕಕ್ಕೆ ಗ್ಯಾಸ್ ತುಂಬಿಕೊಡುವ, ಐ.ಎಸ್.ಐ. ಗುರುತಿಲ್ಲದ ಪುಟ್ಟ ಸಿಲಿಂಡರುಗಳಿಗೂ ಇದೇ ಮಾತು. ಅದು ಕಾನೂನಿಗೂ ವಿರುದ್ಧ.

ಇನ್ನು ಹಂಚಿನ ವಿಷಯ. ನಮ್ಮ ಭಾಗದ ಜೋಳದ ರೊಟ್ಟಿ ಅಂಗೈಯಗಲದ್ದಲ್ಲ. ಅದರ ಹಂಚು ಒಂದಡಿಗೂ ಮೇಲೆ. ಡಬ್ಬಿಯ ನೆತ್ತಿಯ ಮೇಲೇ ಬರ್ನರ್ ಇರುವ ಸ್ಟೋವಿನ ಮೇಲೆ ಇದನ್ನಿಟ್ಟರೆ ಅದು ಕೊಡೆಯಂತೆ ಹರಡಿ, ಶಾಖವನ್ನು ಕೆಳಗೆ ಡಬ್ಬಿಯ ಕಡೆಗೆ ತಿರುಗಿಸುತ್ತದೆ. ಕಬ್ಬಿಣದ ಹಂಚು ಅರ್ಧ ತಾಸು ಕಾದು ಕೂತರೆ ಡಬ್ಬಿಯೂ ಕಾಯುತ್ತದೆ. ಕಾದಷ್ಟೂ ಒಳಗಿನ ಒತ್ತಡ ಏರುತ್ತದೆ. ಡಬ್ಬಿಯನ್ನು ಐವತ್ತು ಡಿಗ್ರಿಗಿಂತ ಹೆಚ್ಚು ಕಾಯಗೊಡಬೇಡಿ ಎಂದು ಅದರ ಮೇಲೆಯೇ ಬರೆದಿರುತ್ತಾರೆ. ಗಾಳಿ ತಡೆಯಲೆಂದು ಸುತ್ತಲೂ ಇಟ್ಟಿಗೆ ಇಟ್ಟರೂ ಇದೇ ಗತಿ. ಗಾಳಿಗೆ ಒಂದು ಬದಿಯಲ್ಲಿ ಮರೆ ಕಟ್ಟಬೇಕು, ಸುತ್ತ ಕೋಟೆ ಕಟ್ಟಬಾರದು. ಡಬ್ಬಿಯನ್ನು ಆಗಾಗ ಮುಟ್ಟಿ ನೋಡಬೇಕು. ಬೆಚ್ಚಗಾಗತೊಡಗಿದರೆ ಕೂಡಲೇ ಆರಿಸಬೇಕು. ಇದಲ್ಲದೆ ಮೂರು ಲೀಟರಿನ ಕುಕ್ಕರ್ ಅಂಥ ಸ್ಟೋವಿನ ಮೇಲೆ ನಿಲ್ಲುವುದೂ ಕಷ್ಟ. ತೊಗರಿ ಬೇಳೆ ತಿನ್ನುವ ನಾವು ಕುಕ್ಕರ್ ಬಿಡುವವರಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವೂ ಇದೆ. ಗಾಳಿ ಸಾಲದೆ ಉರಿಯುವ ಯಾವ ಒಲೆಯೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಡೇರೆಯೊಳಗೆ ಚಳಿಗೆಂದು ಸ್ಟೋವ್ ಹಚ್ಚಿಟ್ಟು ಮಲಗಿದವರೂ, ಬೀದರಿನ ಚಳಿಗೆ ಕಿಟಕಿ ಮುಚ್ಚಿ ಇದ್ದಿಲ ಸಿಗಡಿ ಒಳಗಿಟ್ಟುಕೊಂಡವರೂ ಎದುರಿಸುವುದು ಈ ಒಂದೇ ವಿಷವನ್ನು. ಮೊದಲು ತಲೆನೋವು, ಆಮೇಲೆ ಮಂಪರು. ಮಂಪರಿನಲ್ಲಿ ಎದ್ದು ಬಾಗಿಲು ತೆರೆಯುವ ಶಕ್ತಿ ಇರುವುದಿಲ್ಲ. ಎಷ್ಟೇ ಚಳಿಯಿದ್ದರೂ ಒಲೆ ಆರಿಸಿದ ಮೇಲೆಯೇ ಮಲಗಬೇಕು. ಮಕ್ಕಳಿಗೆ ರಗ್ಗು ಒಂದು ಹೆಚ್ಚು ಕೊಟ್ಟು ಕಳಿಸಿ.

ಹಾಗಾದರೆ ಖೋಲಿಗೆ ಏನು ಕೊಳ್ಳಬೇಕು? ತೈಲ ಕಂಪನಿಗಳ 5 ಕೆ.ಜಿ. ಸಿಲಿಂಡರ್ ಇದೆ. ವಿಳಾಸದ ದಾಖಲೆ ಇಲ್ಲದವರಿಗೂ ಸಿಗುವಂತೆ 2013ರಲ್ಲಿ ಮಾರಾಟಕ್ಕೆ ಬಂತು. ಇಂಡಿಯನ್ ಆಯಿಲ್ 2020ರಲ್ಲಿ ತನ್ನದಕ್ಕೆ ‘ಛೋಟು’ ಎಂದು ಹೆಸರಿಟ್ಟಿತು. ಗುರುತಿನ ಚೀಟಿ ತೋರಿಸಿದರೆ ವಿತರಕರಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ರೆಗ್ಯುಲೇಟರ್, ಐ.ಎಸ್.ಐ. ಗುರುತಿನ ಪೈಪು, ಅಗಲ ಕಾಲಿನ ಒಂಟಿ ಬರ್ನರ್ ಬೇರೆಯಾಗಿ ಕೊಳ್ಳಬೇಕು. ಬರ್ನರ್ ಕಟ್ಟೆಯ ಮೇಲಿರಲಿ, ಸಿಲಿಂಡರ್ ಕೆಳಗೆ ನೆಟ್ಟಗೆ ನಿಂತಿರಲಿ. ಪೈಪಿನ ಎರಡೂ ತುದಿಗೆ ಸಾಬೂನು ನೀರು ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ಪರೀಕ್ಷಿಸುವ ಶೂರರನ್ನೂ ನಾನು ಬಲ್ಲೆ! ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ. ಖೋಲಿಯ ಹುಡುಗರು ಚಾಪೆ ಹಾಸಿ ಮಲಗುವುದೂ ಅದೇ ನೆಲದ ಮೇಲೆ. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಆಗಿರಬೇಕು. ವಾಸನೆ ಬಂದರೆ ಲೈಟು, ಫ್ಯಾನು ಯಾವುದರ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು-ಕಿಟಕಿ ತೆರೆದು ಹೊರಗೆ ಬರಬೇಕು.

ಭಾನುವಾರ ಆ ರೈತರ ಫೋನ್ ಬಂತು. ಮಗ ಸ್ಕೇಲ್ ಹಿಡಿದು ಹಂಚು ಅಳೆದನಂತೆ, ಹದಿಮೂರು ಇಂಚು. ಛೋಟು ತರುವುದೆಂದೂ, ಗುಡ್ಡದ ಸ್ಟೋವನ್ನು ಅಲ್ಲಿಯೇ ಬಾಡಿಗೆಗೆ ಹಿಡಿಯುವುದೆಂದೂ ಹುಡುಗರೇ ತೀರ್ಮಾನಿಸಿದ್ದಾರೆ. “ಅಟ್ಟದ ಮ್ಯಾಲ ಹಳೀ ಪಂಪ್ ಸ್ಟೋ ಒಂದದ ಸರ್, ಅದನ್ನರೆ ಏನ್ ಮಾಡ್ಲಿ?” ಎಂದರು. ಎಣ್ಣೆ ಪೂರ್ತಿ ಬಸಿದು ನಮ್ಮ ಶಾಲೆಗೆ ಕಳಿಸಿಕೊಡಿ ಎಂದಿದ್ದೇನೆ. ಎಂಟನೆಯ ತರಗತಿಯವರು ಒತ್ತಡದ ಪಾಠಕ್ಕೆ ಬರುವಷ್ಟರಲ್ಲಿ ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಬೇಕು.